ಮಣ್ಣಿನ ಮಾಳಿಗೆಯಿಂದ ಪುಣೆಯ ಮೈದಾನಕ್ಕೆ: ಒಂದು ಆಲ್ಬಮ್ಮಿನ ಹಿಂದಿನ ಚರಿತ್ರೆ

2008ರಲ್ಲಿ ಮುಂಬಯಿಯ ಹೊಸ ಧ್ವನಿಮುದ್ರಣ ಸಂಸ್ಥೆಯೊಂದು ಒಂದು ಸಿ.ಡಿ. ಹೊರತಂದಿತು. ಅದರ ಹೆಸರು ‘ಅಂತರಾಗ್ನಿ: ದ ರಘು ದೀಕ್ಷಿತ್ ಪ್ರಾಜೆಕ್ಟ್’. ಸಂಸ್ಥೆಯ ಹೆಸರು ಕೌಂಟರ್ ಕಲ್ಚರ್ ರೆಕಾರ್ಡ್ಸ್. ಅದನ್ನು ಕಟ್ಟಿದವರು ಹಿಂದಿ ಸಿನಿಮಾ ಸಂಗೀತದ ಜೋಡಿ ವಿಶಾಲ್–ಶೇಖರ್. ಗಿಟಾರು, ಪಿಟೀಲು, ಡ್ರಮ್ಸುಗಳ ನಡುವೆ ಈ ಆಲ್ಬಮ್ಮಿನಲ್ಲಿ ಹಿಂದಿ ಹಾಡುಗಳಿವೆ, ಇಂಗ್ಲಿಷ್ ಹಾಡುಗಳಿವೆ. ಕನ್ನಡದ ಪಾಲಿಗೆ ಬಂದವು ಶಿಶುನಾಳ ಶರೀಫರ ಪದಗಳು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’.

ಅಂಗಡಿಯವರು ಇದನ್ನು ಪಾಪ್ ಸಾಲಿನಲ್ಲಿಡಬೇಕೋ, ರಾಕ್ ಸಾಲಿನಲ್ಲಿಡಬೇಕೋ, ಜಾನಪದದ ಸಾಲಿನಲ್ಲಿಡಬೇಕೋ ಎಂದು ಗೊಂದಲಪಡುವಂಥ ಆಲ್ಬಮ್ ಇದು. ಭಾಷೆಯ ಸಾಲು ಹಿಡಿದು ವಿಂಗಡಿಸಲು ಹೋದರೂ ಅದೇ ಗೊಂದಲ. ಆದರೆ ಇಂಥ ಹಾಡು ಕನ್ನಡಕ್ಕೆ ಎಲ್ಲಿಂದ ಬಂತು, ಯಾವ ಕೇಳುಗರ ಬಳಿಗೆ ಹೋಯಿತು, ಹೋಗುವಾಗ ಅದರ ಅರ್ಥಕ್ಕೆ ಏನಾಯಿತು ಎಂದು ಕೇಳಿದರೆ ಚರಿತ್ರೆಯ ಒಂದು ಸ್ಪಷ್ಟ ದಾರಿ ಕಾಣುತ್ತದೆ. ಆ ದಾರಿ ಪುಣೆಯ ಮೂಲಕ ಹಾದುಹೋಗುತ್ತದೆ.

*

ತಾನೇ ಬರೆದು, ತಾನೇ ಮಟ್ಟು ಹಾಕಿ, ತಾನೇ ಹಾಡುವವನನ್ನು ಇಂಗ್ಲಿಷಿನವರು ಸಿಂಗರ್–ಸಾಂಗ್‌ರೈಟರ್ ಎನ್ನುತ್ತಾರೆ. ಈ ಪದಕ್ಕೆ ಕನ್ನಡದಲ್ಲಿ ಚಾಲ್ತಿಯಲ್ಲಿರುವ ಸಮಾನಪದವಿಲ್ಲ. ‘ಗಾಯಕ–ಗೀತರಚನಕಾರ’ ಎನ್ನುವುದು ಪತ್ರಿಕಾ ಪ್ರಕಟಣೆಯ ಮಾತು. ‘ವಾಗ್ಗೇಯಕಾರ’ ಎಂಬ ಪದವಿದೆ, ಆದರೆ ಅದು ಕರ್ನಾಟಕ ಸಂಗೀತದ ಕಛೇರಿಗೆ ಸೇರಿಹೋಗಿದೆ. ಪದವಿಲ್ಲ ಎಂದ ಮಾತ್ರಕ್ಕೆ ವಸ್ತುವೇ ಇರಲಿಲ್ಲ ಎಂದಲ್ಲ. ಬದಲಿಗೆ ಅದು ಎಷ್ಟು ಸಾಮಾನ್ಯವಾಗಿತ್ತೆಂದರೆ ಪ್ರತ್ಯೇಕ ಹೆಸರೇ ಬೇಕಾಗಲಿಲ್ಲ. ದಾಸರೆಂದರೆ ಪದ ಕಟ್ಟಿ ಹಾಡುವವರು, ತತ್ವಪದಕಾರರೆಂದರೆ ಪದ ಕಟ್ಟಿ ಹಾಡುವವರು. ಬರೆಯುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬ ವಿಭಜನೆಯೇ ಅಲ್ಲಿರಲಿಲ್ಲ.

ಇವರು ಹಾಡಿನೊಳಗೇ ತಮ್ಮ ಗುರುತನ್ನೂ ಇಡುತ್ತಿದ್ದರು. ಪುರಂದರದಾಸರಿಗೆ ‘ಪುರಂದರವಿಠಲ’, ಶರೀಫರಿಗೆ ಶಿಶುನಾಳಾಧೀಶ. ಅಂಕಿತ ಎನ್ನುವುದು ದೇವರ ಹೆಸರೂ ಹೌದು, ಕೃತಿ ಯಾರದು ಎಂಬುದರ ದಾಖಲೆಯೂ ಹೌದು. ಬರಹದಲ್ಲಿ ಉಳಿಯದೆ ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಬೇರೆ ಮುಖಪುಟ ಇರುವುದಿಲ್ಲ. ಹಾಗಾಗಿ ಹೆಸರು ಹಾಡಿನ ಒಡಲಲ್ಲೇ ಇರಬೇಕು.

ಪುಣೆಯಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಪುರಂದರ ಕೋಟೆ ಇದೆ. ಪುರಂದರದಾಸರು ಆ ಪುರಂದರಗಡದ ಸಿರಿವಂತ ವರ್ತಕರಾಗಿದ್ದರು, ಎಲ್ಲ ಬಿಟ್ಟು ವಿಜಯನಗರದತ್ತ ನಡೆದರು ಎಂದು ಪರಂಪರೆ ಹೇಳುತ್ತದೆ. ಅವರ ಊರು ತೀರ್ಥಹಳ್ಳಿ ಸೀಮೆಯ ಆರಗವೆಂಬ ವಾದವೂ ಬಲವಾಗಿದೆ. ಯಾವುದು ಸರಿ ಎಂಬ ತೀರ್ಪು ಇಲ್ಲಿ ಬೇಕಿಲ್ಲ. ಕನ್ನಡದ ಅತಿ ದೊಡ್ಡ ಹಾಡುಗಾರನ ಹುಟ್ಟೂರು ಇಂದಿನ ಪುಣೆ ಜಿಲ್ಲೆಯಲ್ಲಿದೆ ಎಂದು ನೂರಾರು ವರ್ಷ ಜನ ಯಾವ ಮುಜುಗರವೂ ಇಲ್ಲದೆ ನಂಬಿದ್ದರು ಎಂಬುದನ್ನಷ್ಟೇ ಗಮನಿಸಿದರೆ ಸಾಕು. ಭಾಷಾವಾರು ಗಡಿ ಬರುವ ಮುನ್ನ ಹಾಡಿನ ನಕ್ಷೆ ಬೇರೆಯೇ ಇತ್ತು.

*

ಶರೀಫರ ಕಾಲಕ್ಕೂ ಪುಣೆಗೂ ಒಂದು ನಂಟಿದೆ. ಧಾರವಾಡ ಸೀಮೆಯ ಬಹುಭಾಗ ಪುಣೆಯ ಪೇಶ್ವೆಗಳ ಹಿಡಿತದಲ್ಲಿತ್ತು. 1817–18ರ ಯುದ್ಧದಲ್ಲಿ ಪೇಶ್ವೆಗಳು ಸೋತ ಮೇಲೆ ಅದು ಬ್ರಿಟಿಷರ ಕೈಗೆ, ಮುಂಬಯಿ ಪ್ರಾಂತ್ಯದ ಆಡಳಿತಕ್ಕೆ ಬಂತು. ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ. ಕೆಲಕಾಲ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು. ಎರಡೂ ಕಡೆಯ ಜನರ ಮುನಿಸನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬ ಕಥೆಗಳು ಆ ಸೀಮೆಯಲ್ಲಿ ಇಂದಿಗೂ ಹೇಳಲ್ಪಡುತ್ತವೆ. 1889ರಲ್ಲಿ ಶರೀಫರು ತೀರಿಕೊಂಡರು.

ಅವರ ಪದಗಳ ದೊಡ್ಡ ಗುಣವೆಂದರೆ ಕಣ್ಣೆದುರಿನ ವಸ್ತುವನ್ನೇ ಎತ್ತಿಕೊಳ್ಳುವುದು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಕೋಡಗ, ಕೋಳಿ ಯಾವುದೂ ಅವರಿಗೆ ವರ್ಜ್ಯವಲ್ಲ. ಆ ಕಾಲಕ್ಕೆ ಹೊಸತಾಗಿ ಬಂದ ಗಿರಣಿಯನ್ನೂ ಅವರು ಪದವಾಗಿಸಿದರು. ಉಗಿಯಂತ್ರ ಕಂಡು ಬೆದರದೆ ಅದರೊಳಗೆ ದೇಹತತ್ವ ಹುಡುಕಿದವರ ಹಾಡಿಗೆ ವಿದ್ಯುತ್ ಗಿಟಾರು ಹೊಂದುವುದಿಲ್ಲ ಎಂದು ವಾದಿಸುವವರು ಈ ಗಿರಣಿಯ ಪದವನ್ನು ಒಮ್ಮೆ ನೆನೆಯಬೇಕು.

ಇನ್ನು ಭಾಷೆ. ‘ಸೋರುತಿಹುದು ಮನಿಯ ಮಾಳಿಗಿ’ ಎಂಬ ಹೆಸರಿನಲ್ಲೇ ಎರಡು ಕನ್ನಡಗಳು ಕೂಡಿವೆ. ‘ಸೋರುತಿಹುದು’ ಕಾವ್ಯದ ರೂಪ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಮನಿ’, ‘ಮಾಳಿಗಿ’ ಧಾರವಾಡ ಸೀಮೆಯ ಆಡುರೂಪ. ದಕ್ಷಿಣದಲ್ಲಿ ಎಕಾರದಲ್ಲಿ ಮುಗಿಯುವ ಮನೆ, ಮಾಳಿಗೆ ಅಲ್ಲಿ ಇಕಾರದಲ್ಲಿ ಮುಗಿಯುತ್ತವೆ. ವಸ್ತುವೂ ಬೇರೆ. ಮೈಸೂರಿನ ಕಡೆ ಮಾಳಿಗೆ ಎಂದರೆ ಮಹಡಿ, ಮೇಲಂತಸ್ತು. ಶರೀಫರ ಸೀಮೆಯಲ್ಲಿ ಅದು ಮಣ್ಣು ಹಾಕಿ ಗಟ್ಟಿಸಿದ ಚಪ್ಪಟೆ ಛಾವಣಿ. ಮಳೆಗಾಲಕ್ಕೆ ಮುನ್ನ ಅದರ ಮಣ್ಣು ಸರಿಮಾಡದಿದ್ದರೆ ಸೋರುವುದು ಖಚಿತ. ಅಜ್ಞಾನವೆಂದರೆ ಎಲ್ಲಿಂದಲೋ ಬಂದೆರಗುವ ವಿಪತ್ತಲ್ಲ, ವೇಳೆಗೆ ಮಾಡಬೇಕಾದ ಕೆಲಸ ಮಾಡದೆ ಬಿಟ್ಟದ್ದರ ಫಲ ಎಂಬ ಅರ್ಥ ಮಣ್ಣಿನ ಮಾಳಿಗೆ ಕಂಡವರಿಗೆ ಹೇಳದೆಯೇ ಹೊಳೆಯುತ್ತದೆ. ಹೆಂಚಿನ ಮನೆಯವರಿಗೆ ಸ್ವಲ್ಪ ವಿವರಿಸಬೇಕು. ಕಾಂಕ್ರೀಟ್ ಅಪಾರ್ಟ್‌ಮೆಂಟಿನವರಿಗೆ ಪೂರ್ತಿ ವಿವರಿಸಬೇಕು. ಅಂದರೆ ಅರ್ಥ ಸೋರಿಹೋಗುವುದು ಭಾಷೆಯ ಗಡಿ ದಾಟಿದಾಗ ಮಾತ್ರವಲ್ಲ. ಅದು ಕನ್ನಡದೊಳಗೇ ಶುರುವಾಗುತ್ತದೆ.

*

ಮುದ್ರಿತ ಸಂಗೀತದ ಯುಗದಲ್ಲಿ ಕನ್ನಡದ ಹಾಡು ಮೂರು ಜನರ ಕೆಲಸವಾಯಿತು. ಕವಿ ಬರೆಯುತ್ತಾರೆ, ಸಂಯೋಜಕರು ರಾಗ ಹಾಕುತ್ತಾರೆ, ಗಾಯಕರು ಹಾಡುತ್ತಾರೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಇದರ ಮಾದರಿ: ಕವಿತೆ ನಿಸಾರ್ ಅಹಮದರದು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಆಮೇಲಿನ ಕ್ಯಾಸೆಟ್ ಯುಗ ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿತು. ಶರೀಫರನ್ನು ಹಾಗೆ ಮನೆಗಳಿಗೆ ತಂದವರಲ್ಲಿ ಸಿ. ಅಶ್ವತ್ಥ್ ಮೊದಲಿಗರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದರು, ಸಂಗೀತ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ಅಲ್ಲಿಂದ ಮುಂದೆ ಶರೀಫರ ಪದವೆಂದರೆ ಬಹಳಷ್ಟು ಕನ್ನಡಿಗರ ಕಿವಿಯಲ್ಲಿ ಅಶ್ವತ್ಥರ ಕಂಠವೇ.

ಅದೇ ಹೊತ್ತಿಗೆ ದೇಶದಲ್ಲಿ ಇನ್ನೊಂದು ಅಲೆ ಎದ್ದಿತ್ತು. ಸಿನಿಮಾದ ಹಂಗಿಲ್ಲದ ಹಿಂದಿ ಪಾಪ್ ಆಲ್ಬಮ್‌ಗಳು ಟೀವಿ ಚಾನೆಲ್‌ಗಳ ಬಲದಿಂದ ಲಕ್ಷಗಟ್ಟಲೆ ಮಾರಾಟವಾದವು. 1995ರ ‘ಮೇಡ್ ಇನ್ ಇಂಡಿಯಾ’ ಅದರ ಶಿಖರ. ಅಲೀಶಾ ಚಿನಾಯ್ ಹಾಡಿದ ಆ ಆಲ್ಬಮ್ಮಿನ ಹಿಂದಿದ್ದ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡಗಿನ ಮನೆತನದವರು. 1996ರಲ್ಲಿ ಲಕ್ಕಿ ಅಲಿಯವರ ‘ಸುನೋ’ ಬಂತು. ಆದರೆ ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಆ ಅಲೆ ಇಳಿಯಿತು. ಚಾನೆಲ್‌ಗಳೂ ಎಫ್.ಎಂ. ರೇಡಿಯೋಗಳೂ ಸಿನಿಮಾ ಹಾಡಿಗೆ ಮರಳಿದವು. ಸಿನಿಮಾ ಹಾಡಿಗೆ ಪ್ರಚಾರದ ಖರ್ಚನ್ನು ನಿರ್ಮಾಪಕರು ಭರಿಸುತ್ತಾರೆ. ಒಂಟಿ ಗಾಯಕನ ಆಲ್ಬಮ್ಮಿಗೆ ಆ ಖರ್ಚು ಯಾರದು?

ರಘುಪತಿ ದ್ವಾರಕಾನಾಥ ದೀಕ್ಷಿತ್ ಹಾಡಲು ಹೊರಟದ್ದು ಅಲೆ ಇಳಿಯುತ್ತಿದ್ದ ಆ ಹೊತ್ತಿನಲ್ಲಿ. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಭರತನಾಟ್ಯ ಕಲಿತವರು, ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಕಾಲೇಜಿನ ಗೆಳೆಯನೊಬ್ಬ ಹಾಕಿದ ಸವಾಲಿನಿಂದ ಗಿಟಾರು ಹಿಡಿದದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕೆಲಸದ ಮೇಲೆ ಬೆಲ್ಜಿಯಮ್ಮಿಗೆ ಹೋಗಿ ಬಂದು, ‘ಅಂತರಾಗ್ನಿ’ ಎಂಬ ತಂಡ ಕಟ್ಟಿ, ಅದು ಚದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಮುಂದುವರಿದರು. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರೂ ಆಲ್ಬಮ್ ಆಗಲಿಲ್ಲ. ಕೊನೆಗೆ ಕೈಹಿಡಿದವರು ಸಿನಿಮಾ ಸಂಗೀತದಲ್ಲಿ ಗೆದ್ದಿದ್ದ ಇಬ್ಬರು. ಸಿನಿಮಾದಿಂದ ಹೊರಗಿನ ಹಾಡಿಗೂ ಸಿನಿಮಾದವರೇ ನೆಲ ಕೊಡಬೇಕಾಯಿತು ಎಂಬುದು ಆ ಕಾಲದ ಮಾರುಕಟ್ಟೆಯ ಸ್ಥಿತಿಯನ್ನು ಹೇಳುತ್ತದೆ.

ಆಲ್ಬಮ್ಮಿನಲ್ಲಿ ದೀಕ್ಷಿತರು ಎಲ್ಲವನ್ನೂ ತಾವೇ ಬರೆದಿಲ್ಲ. ಹಿಂದಿ ಸಾಹಿತ್ಯದಲ್ಲಿ ಬೇರೆಯವರ ಕೈಯೂ ಇದೆ, ಕನ್ನಡದ ಪದಗಳು ಶರೀಫರವು. ಆದರೆ ಶರೀಫರ ಪದಕ್ಕೆ ಬಂದಾಗ ಅವರು ಅಶ್ವತ್ಥರ ಧಾಟಿಯನ್ನು ಹಿಡಿಯದೆ ಗಿಟಾರಿನ ಮೇಲೆ ಬೇರೆ ಮಟ್ಟು ಕಟ್ಟಿದರು. ಇದನ್ನು ಧಾರ್ಷ್ಟ್ಯ ಎಂದವರಿದ್ದಾರೆ. ಆದರೆ ತತ್ವಪದದ ರೂಢಿಯಲ್ಲಿ ಒಂದೇ ಪದಕ್ಕೆ ಊರಿಗೊಂದು ಮಟ್ಟು ಇರುವುದು ಸಹಜ. ಒಂದು ಪದಕ್ಕೆ ಒಂದೇ ಅಧಿಕೃತ ರಾಗ ಎಂಬ ಕಲ್ಪನೆ ಬಂದದ್ದೇ ಕ್ಯಾಸೆಟ್ಟಿನಿಂದ. ಆ ಅರ್ಥದಲ್ಲಿ ಮಟ್ಟು ಬದಲಿಸಿದ ರಾಕ್ ಗಾಯಕ ಕ್ಯಾಸೆಟ್ಟಿಗಿಂತ ಹಿಂದಿನ ರೂಢಿಗೆ ಹತ್ತಿರವಾಗಿದ್ದಾನೆ.

*

ಈಗ ಪುಣೆಯ ಕೇಳುಗರು.

ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಅವರ ಶಿಷ್ಯ ಭೀಮಸೇನ ಜೋಶಿ ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುಮಾಡಿದರು. ಗದಗ ಸೀಮೆಯ ಹುಡುಗ ಕುಂದಗೋಳದಲ್ಲಿ ಕಲಿತು ಪುಣೆಯಲ್ಲಿ ನೆಲೆಸಿದ್ದರ ಹಿಂದೆ ರಂಗಭೂಮಿ, ರೈಲು, ಮುಂಬಯಿ ಪ್ರಾಂತ್ಯದ ಆಡಳಿತ ಎಲ್ಲ ಸೇರಿವೆ. ಹುಬ್ಬಳ್ಳಿಯ ಕಲಾವಿದರಿಗೆ ಬೆಂಗಳೂರು ಬೇರೆ ಸಂಸ್ಥಾನದ ಊರಾಗಿದ್ದಾಗ, ಬೆಳಗಾವಿ–ಮಿರಜ ದಾಟಿದರೆ ಸಿಗುವ ಪುಣೆ ಸ್ವಂತ ಪ್ರಾಂತ್ಯದ ದೊಡ್ಡ ಊರಾಗಿತ್ತು.

ಭೀಮಸೇನರು ಮರಾಠಿ ಅಭಂಗಗಳ ‘ಸಂತವಾಣಿ’ ಹಾಡಿದಂತೆಯೇ ಕನ್ನಡ ಪದಗಳ ‘ದಾಸವಾಣಿ’ಯನ್ನೂ ಹಾಡಿದರು. ಮರಾಠಿ ಕೇಳುಗರು ದಾಸರ ಪದ ಕೇಳುವಾಗ ‘ವಿಠಲ’ ಎಂಬ ಒಂದು ಶಬ್ದ ಬಂದರೆ ಸಾಕು, ಪಂಢರಪುರ ನೆನಪಾಗುತ್ತಿತ್ತು. ಉಳಿದ ಶಬ್ದಗಳು ತಿಳಿಯದಿದ್ದರೂ ಹಾಡಿನ ವಿಳಾಸ ತಿಳಿಯುತ್ತಿತ್ತು. ಕನ್ನಡ ಬಾರದವರು ಕನ್ನಡದ ಹಾಡಿಗೆ ತಲೆದೂಗುವುದು ಪುಣೆಗೆ ಹೊಸದಲ್ಲ ಎನ್ನಲು ಇಷ್ಟು ಸಾಕು.

2010ರ ಡಿಸೆಂಬರಿನಲ್ಲಿ ಅದೇ ಪುಣೆಯಲ್ಲಿ ಬೇರೊಂದು ಉತ್ಸವ ಶುರುವಾಯಿತು. ಓನ್ಲಿ ಮಚ್ ಲೌಡರ್ ಎಂಬ ಸಂಸ್ಥೆ ನಡೆಸಿದ ಎನ್‌ಎಚ್7 ವೀಕೆಂಡರ್. ಬಯಲಿನಲ್ಲಿ ಏಕಕಾಲಕ್ಕೆ ಹಲವು ವೇದಿಕೆ, ಮೂರು ದಿನ ಹಾಡು, ಕೇಳುಗರಲ್ಲಿ ಬಹುಪಾಲು ಕಾಲೇಜು ಹುಡುಗ ಹುಡುಗಿಯರು ಮತ್ತು ಐ.ಟಿ. ನೌಕರರು. ಹಳೆಯ ಎಣಿಕೆಯ 7ನೇ ಹೆದ್ದಾರಿ ವಾರಾಣಸಿಯಿಂದ ಬೆಂಗಳೂರಿನ ಮೇಲೆ ಕನ್ಯಾಕುಮಾರಿಗೆ ಹೋಗುತ್ತದೆಯೇ ಹೊರತು ಪುಣೆಯನ್ನು ಮುಟ್ಟುವುದಿಲ್ಲ. ಪುಣೆಯನ್ನು ಬೆಂಗಳೂರಿಗೆ ಜೋಡಿಸುವುದು ಆಗಿನ 4ನೇ ಹೆದ್ದಾರಿ, ಈಗಿನ 48. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಅದು ಶರೀಫರ ತಾಲ್ಲೂಕು ಶಿಗ್ಗಾಂವಿಯ ಮೇಲೇ ಹಾದುಹೋಗುತ್ತದೆ.

ಈ ಉತ್ಸವ ಶುರುವಾದ ಕೆಲವೇ ವಾರಗಳಲ್ಲಿ, 2011ರ ಜನವರಿ 24ರಂದು, ಭೀಮಸೇನ ಜೋಶಿಯವರು ಪುಣೆಯಲ್ಲಿ ತೀರಿಕೊಂಡರು. ಒಂದರಿಂದ ಇನ್ನೊಂದಕ್ಕೆ ಕೋಲು ಕೈ ಬದಲಾಯಿತು ಎಂದು ಬರೆಯುವುದು ಸುಲಭ, ಆದರೆ ಅದು ನಿಜವಲ್ಲ. ಸವಾಯಿ ಗಂಧರ್ವ ಉತ್ಸವ ಮುಂದುವರಿದಿದೆ, ಎರಡರ ಕೇಳುಗರೂ ಬೇರೆ. ಸಾಮ್ಯ ಇರುವುದು ಒಂದೇ ಕಡೆ: ಎರಡೂ ಕಡೆ ಕನ್ನಡ ಬಾರದ ಸಾವಿರಾರು ಜನರ ಮುಂದೆ ಕನ್ನಡದ ಪದ ನಿಂತಿತು. ವೀಕೆಂಡರಿನ ವೇದಿಕೆಗಳಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಹಾಡಿದೆ. ಕನ್ನಡ, ಹಿಂದಿ ಎರಡರಲ್ಲೂ ಹಾಡುವ ಸ್ವರಾತ್ಮದಂಥ ತಂಡಗಳೂ ಅದೇ ವರ್ಷಗಳಲ್ಲಿ ದೇಶ ಸುತ್ತಿದವು. ಬೆಂಗಳೂರಿನ ರಾಕ್ ಎಂದರೆ ಇಂಗ್ಲಿಷ್ ರಾಕ್ ಎಂದಿದ್ದ ಲೆಕ್ಕ ಆಗ ಬದಲಾಯಿತು.

*

ಇಲ್ಲಿ ಒಂದು ತಕರಾರು ಇದೆ, ಅದನ್ನು ತಳ್ಳಿಹಾಕುವಂತಿಲ್ಲ.

‘ಗುಡುಗುಡಿಯ ಸೇದಿ ನೋಡೋ’ ಹುಕ್ಕಾ ಸೇದುವುದರ ಹಾಡಲ್ಲ. ಅದರಲ್ಲಿ ದೇಹ, ಮನಸ್ಸು, ಉಸಿರು ಒಂದೊಂದೂ ಹುಕ್ಕಾದ ಒಂದೊಂದು ಭಾಗವಾಗುತ್ತವೆ. ನಶೆ ಎಂಬುದು ಅರಿವಿಗೆ ಇಟ್ಟ ಹೆಸರು. ಊರಿನ ಭಜನೆಯಲ್ಲಿ ಏಕತಾರಿ, ತಾಳ ಹಿಡಿದು ರಾತ್ರಿಯಿಡೀ ಹಾಡುವವರ ನಡುವೆ ಈ ಅರ್ಥವನ್ನು ಬಿಡಿಸಿ ಹೇಳುವ ಹಿರಿಯರೊಬ್ಬರು ಇರುತ್ತಾರೆ. ಮೈದಾನದಲ್ಲಿ ಬಿಯರ್ ಲೋಟ ಹಿಡಿದು ಕುಣಿಯುವ ಹುಡುಗನಿಗೆ ಅದು ಧೂಮಪಾನದ ಹಾಡಾಗಿಯೇ ಕೇಳಿಸಬಹುದು. ಮರಾಠಿಯಲ್ಲೂ ಹುಕ್ಕಾಕ್ಕೆ ‘ಗುಡಗುಡೀ’ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ನೀರಿನ ಸದ್ದಿನಿಂದ ಹುಟ್ಟಿದ ಪದ. ಹಾಗಾಗಿ ಪುಣೆಯ ಕೇಳುಗನಿಗೆ ಮೊದಲ ಪದ ತಿಳಿಯುತ್ತದೆ. ಅಪಾಯವಿರುವುದೂ ಅಲ್ಲೇ. ಏನೂ ತಿಳಿಯದವನು ಕೇಳಿ ತಿಳಿಯುತ್ತಾನೆ, ಅರ್ಧ ತಿಳಿದವನು ಅಲ್ಲಿಗೇ ನಿಲ್ಲುತ್ತಾನೆ.

ಇದಕ್ಕೆ ಎದುರಾಗಿ ಹೇಳಬೇಕಾದ್ದೂ ಇದೆ. ದೀಕ್ಷಿತರು ವೇದಿಕೆಯ ಮೇಲೆ ಹಾಡಿನ ತಾತ್ಪರ್ಯವನ್ನು ಎರಡು ಮಾತಿನಲ್ಲಿ ಹೇಳಿ, ಪಲ್ಲವಿಯನ್ನು ಸಭಿಕರ ಬಾಯಲ್ಲಿ ಹೇಳಿಸುತ್ತಾರೆ. ಕಾಲಿಗೆ ಗೆಜ್ಜೆ, ಸೊಂಟಕ್ಕೆ ಲುಂಗಿ, ಕೈಯಲ್ಲಿ ಗಿಟಾರು. ಒಬ್ಬರು ಹೇಳಿಕೊಡುವುದು, ಗುಂಪು ಎತ್ತಿಕೊಳ್ಳುವುದು ಭಜನಾ ಮೇಳದ್ದೇ ಕ್ರಮ. ಕೂತು ಕೇಳುವ ಭಾವಗೀತೆಯ ಸಭೆಯಲ್ಲಿ ಈ ಕ್ರಮ ಹಿಂದೆ ಸರಿದಿತ್ತು. ಹಾಗೆ ನೋಡಿದರೆ ಮೈದಾನ ಅರ್ಥದಲ್ಲಿ ಕಳೆದದ್ದನ್ನು ಹಾಡುವ ರೀತಿಯಲ್ಲಿ ಸ್ವಲ್ಪ ಮರಳಿ ಕೊಟ್ಟಿದೆ. ಆದರೆ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಪಲ್ಲವಿ ಕಲಿತವರು ಚರಣಕ್ಕೆ ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ಶರೀಫರು ಉಳಿಯುವುದು ನಿಂತಿದೆ.

ಹಣದ ಲೆಕ್ಕವೂ ಇಲ್ಲಿಗೇ ಸೇರುತ್ತದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯಕ್ಕೆ ಬರೆದವರ ಮರಣಾನಂತರ 60 ವರ್ಷ ರಕ್ಷಣೆ, ಧ್ವನಿಮುದ್ರಣಕ್ಕೆ ಪ್ರಕಟವಾದಲ್ಲಿಂದ 60 ವರ್ಷ. 1889ರಲ್ಲಿ ತೀರಿಕೊಂಡ ಶರೀಫರ ಪದ ಎಲ್ಲರ ಸೊತ್ತು. ಅದಕ್ಕೆ ಹೊಸದಾಗಿ ಕಟ್ಟಿದ ಮಟ್ಟು ಮತ್ತು ಮುದ್ರಣ ಮಾತ್ರ ಯಾರದೋ ಸೊತ್ತಾಗುತ್ತದೆ. ಜೀವಂತ ಗೀತಕಾರನ ಪರಿಸ್ಥಿತಿ ಇದಕ್ಕಿಂತ ಕಷ್ಟದ್ದಾಗಿತ್ತು. ಕಂಪನಿಗೆ ಒಮ್ಮೆ ಹಕ್ಕು ಬರೆದುಕೊಟ್ಟರೆ ಮುಂದಿನ ಗಳಿಕೆಯಲ್ಲಿ ಪಾಲಿಲ್ಲ ಎಂಬ ರೂಢಿಯಿತ್ತು. 2012ರ ತಿದ್ದುಪಡಿ ಸಾಹಿತಿ ಮತ್ತು ಸಂಯೋಜಕರ ರಾಯಧನದ ಪಾಲನ್ನು ಬಿಟ್ಟುಕೊಡಲಾಗದ ಹಕ್ಕಾಗಿಸಿತು. ಅಲ್ಲಿಯವರೆಗೆ ಸ್ವಂತ ಹಾಡು ಕಟ್ಟುವವನಿಗೆ ಆಲ್ಬಮ್ಮಿಗಿಂತ ವೇದಿಕೆಯೇ ಅನ್ನ ಕೊಡುತ್ತಿತ್ತು. ಪುಣೆಯಂಥ ಊರಿನ ಉತ್ಸವಗಳು ಮುಖ್ಯವಾದದ್ದು ಇದೇ ಕಾರಣಕ್ಕೆ.

*

ಆಲ್ಬಮ್ಮಿನ ಮುಂದಿನ ಕಥೆ ಬಹಳ ಜನರಿಗೆ ಗೊತ್ತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನ ಐಟ್ಯೂನ್ಸಿನ ವಿಶ್ವಸಂಗೀತ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು. 2013ರ ಎರಡನೇ ಆಲ್ಬಮ್ ‘ಜಗ್ ಚಂಗಾ’ದಲ್ಲಿ ಶರೀಫರು ಮತ್ತೆ ಬಂದರು, ಈ ಸಲ ‘ಲೋಕದ ಕಾಳಜಿ’ಯಾಗಿ. ಸ್ವಂತ ಹಾಡುಗಳಿದ್ದೂ ಕನ್ನಡಕ್ಕೆ ಬಂದಾಗ ಮತ್ತೆ ಹಳೆಯ ಪದವನ್ನು ಆರಿಸಿಕೊಂಡದ್ದನ್ನು ಹೊಸ ಸಾಹಿತ್ಯದ ಬಡತನವೆಂದೂ ಓದಬಹುದು. ಕನ್ನಡದಲ್ಲಿ ಇಂದಿನ ಬದುಕಿನ ಬಗ್ಗೆ ತಾನೇ ಬರೆದು ಹಾಡುವ ಗಾಯಕರು ಆಲ್ಬಮ್ಮಿನ ಲೋಕದಲ್ಲಿ ಆಗ ಎಷ್ಟು ವಿರಳವಾಗಿದ್ದರು ಎಂಬುದಕ್ಕೆ ಅದು ಸಾಕ್ಷಿ. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರು, ಪುಣೆ–ಬೆಂಗಳೂರು ರಾತ್ರಿ ಬಸ್ಸು, ಕಂಪನಿಯ ಗುರುತಿನ ಚೀಟಿ ಇವು ಈ ಕಾಲದ ಮಾಳಿಗೆ ಮತ್ತು ಗುಡುಗುಡಿ. ಗಿರಣಿಯನ್ನು ಬಿಡದೆ ಹಾಡಾಗಿಸಿದವರಿಂದ ಕಲಿಯಬೇಕಾದ್ದು ಅವರ ಪದಗಳನ್ನಷ್ಟೇ ಅಲ್ಲ, ಆ ಕಣ್ಣನ್ನೂ ಕೂಡ. ಆ ಕೆಲಸ ಗಿಟಾರು ಹಿಡಿದ ಮುಂದಿನವರಿಗೆ ಉಳಿದಿದೆ.